ಶೀತ, ಜಲದೋಷ ಮತ್ತು ಬೀಡಿಯ ಹುಡಿ

ಮೂಗು ಸೋರಿದರೆ ನಾವು ಶೀತ ಎನ್ನುತ್ತೇವೆ. ನೆರೆಮನೆಯವರು ಮಲಯಾಳದಲ್ಲಿ ಜಲದೋಷಂ ಎನ್ನುತ್ತಾರೆ. ಒಂದು ಭಾಷೆ ಚಳಿಯನ್ನು ದೂರುತ್ತದೆ, ಇನ್ನೊಂದು ನೀರನ್ನು. ಎರಡೂ ಭಾಷೆ ಬಲ್ಲ ನಮ್ಮ ಕಾಸರಗೋಡಿನ ಮನೆಗಳಲ್ಲಿ ಧೂಳನ್ನು ದೂರಿದವರನ್ನು ನಾನು ಕಂಡದ್ದು ಕಡಿಮೆ.

ನನ್ನ ತಾಯಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ಕುಂಬಳೆ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಜಗಲಿಯಲ್ಲೂ ಊಟವಾದೊಡನೆ ಗೆರಸೆ ಮಡಿಲಿಗೆ ಬರುತ್ತಿತ್ತು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ ಸುತ್ತಿ, ತುದಿ ಮಡಚಿ ನೂಲು ಕಟ್ಟಬೇಕು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ನನ್ನ ಬಿ.ಎ. ಮುಗಿದದ್ದು ಆ ಲೆಕ್ಕದಲ್ಲೇ. ಕೂತ ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಸೀನು, ಸಂಜೆಗೆ ಹಣೆ ಭಾರ, ರಾತ್ರಿ ಗಂಟಲ ಕೆರೆತ. ಊರ ಕೋಲಕ್ಕೆಂದು ನಾಲ್ಕು ದಿನ ಕೆಲಸ ಬಿಟ್ಟರೆ ಮೂಗು ತೆರೆಯುತ್ತಿತ್ತು. ದೈವದ ದಯೆ ಎಂದು ಕೈ ಮುಗಿಯುತ್ತಿದ್ದರು.

ಊರಿನ ಚಿಕಿತ್ಸಾಲಯವೊಂದರಲ್ಲಿ ವರ್ಷಗಟ್ಟಲೆ ಶೀತದ ಗುಳಿಗೆಯೇ ಸಿಕ್ಕಿತು. ಕೊನೆಗೆ ಮಂಗಳೂರಿನಲ್ಲಿ ಎಳೆಯ ವೈದ್ಯೆಯೊಬ್ಬರು, "ಕೆಲಸ ಏನಮ್ಮಾ?" ಎಂದು ಕೇಳಿದರು. ಅಮ್ಮನ ಉತ್ತರ, "ಏನಿಲ್ಲ, ಮನೆಯಲ್ಲೇ." ಬೀಡಿಯ ಸುದ್ದಿ ನಾನು ಹೇಳಿದೆ. ರಜೆಯಲ್ಲಿ ತಗ್ಗಿ ಕೆಲಸದಲ್ಲಿ ಮರಳುವ ಸೀನಿಗೆ ಕಾರಣ ಕೆಲಸದಲ್ಲೇ ಹುಡುಕಬೇಕು ಎಂದರು ಅವರು.

ಅವರು ವಿವರಿಸಿದ್ದು ಸರಳ. ಉಸಿರಿನೊಡನೆ ಬರುವ ದಪ್ಪ ಧೂಳನ್ನು ಮೂಗಿನ ರೋಮ, ಲೋಳೆ ಹಿಡಿದು ನಿಲ್ಲಿಸುತ್ತವೆ. ಹುಡಿ ದಿನವೂ ಬಿದ್ದರೆ ಒಳಪೊರೆ ಕೆರಳಿ ಊದಿಕೊಳ್ಳುತ್ತದೆ. ಹಣೆ, ಕೆನ್ನೆಯ ಎಲುಬಿನೊಳಗಿನ ಗಾಳಿಗೂಡುಗಳ, ಅಂದರೆ ಸೈನಸ್‌ಗಳ, ಕಿರುಬಾಗಿಲು ಮುಚ್ಚಿ ಲೋಳೆ ಅಲ್ಲೇ ನಿಲ್ಲುತ್ತದೆ. ತಲೆಭಾರ ಅದರಿಂದಲೇ. ನವಿರಾದ ಹುಡಿ ಗಂಟಲಿಗೂ ಎದೆಗೂ ಇಳಿಯುತ್ತದೆ. ಮೂಗನ್ನು ಅಲಕ್ಷಿಸಿದರೆ ಮುಂದೆ ಉಬ್ಬಸ ಬರಲೂಬಹುದು. ಔಷಧಕ್ಕಿಂತ ಮೊದಲು ಧೂಳು ತಗ್ಗಬೇಕು.

ಕಸುಬು ಕೇಳುವ ಈ ಪಾಠ ಹಳೆಯದು. ಇಟಲಿಯ ವೈದ್ಯ ಬರ್ನಾರ್ದಿನೋ ರಾಮಾಜ್ಜಿನಿ 1700ರಲ್ಲಿ ದುಡಿಮೆಗಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ರೋಗಿಯನ್ನು ಕೇಳುವ ಪ್ರಶ್ನೆಗಳೊಡನೆ "ನಿನ್ನ ಕಸುಬು ಯಾವುದು?" ಎಂಬುದನ್ನೂ ಸೇರಿಸಬೇಕೆಂದ. ಹೊಗೆಸೊಪ್ಪಿನ ಕೆಲಸದವರಿಗೂ ಅಲ್ಲಿ ಒಂದು ಅಧ್ಯಾಯವಿದೆ. ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿತು. ದಿನವಿಡೀ ಗಂಟಲೆತ್ತಿ ಪಾಠ ಹೇಳುವ ಮೇಷ್ಟ್ರ ಧ್ವನಿತಂತುಗಳಲ್ಲಿ ಗಂಟು ಮೂಡುವುದುಂಟು. ಮರಗೆಲಸದವರು, ಮೇಷ್ಟ್ರುಗಳು ತಮ್ಮ ಕಸುಬನ್ನಾದರೂ ಹೇಳಿಕೊಳ್ಳುತ್ತಾರೆ.

ನಾನು ಬ್ಯಾಂಕಿನ ಗುಮಾಸ್ತ. ಖಾತೆ ತೆರೆಯುವ ಅರ್ಜಿಯಲ್ಲಿ ಉದ್ಯೋಗದ ಕಲಮು ಇರುತ್ತದೆ. ಬೆರಳ ತುದಿ ಹೊಗೆಸೊಪ್ಪಿನಿಂದ ಕಂದಿದ ಹೆಂಗಸರು ಅಲ್ಲಿ "ಗೃಹಿಣಿ" ಎಂದು ಬರೆಸುತ್ತಾರೆ. ಕೆಲವರ ಜೊತೆ ಮಜೂರಿಯ ಚೀಟಿ ಇರುತ್ತದೆ. ಆದರೂ ಹಾಗೆಯೇ. ಮನೆಯಲ್ಲಿ ಕೂತು ದುಡಿದದ್ದು ದುಡಿಮೆಯೇ ಅಲ್ಲವೆಂದು ಅವರೇ ನಂಬಿದ್ದಾರೆ. ಕೆಲಸವೇ ಇಲ್ಲವೆಂದ ಮೇಲೆ ಕೆಲಸದ ಕಾಯಿಲೆ ಎಲ್ಲಿಂದ ಬರಬೇಕು?

2020ರಲ್ಲಿ ಎಲ್ಲರ ಮುಖಕ್ಕೂ ಮಾಸ್ಕು ಬಂತು. ಗೆರಸೆಯ ಮುಂದೆ ಅದು ಎಷ್ಟೋ ವರ್ಷ ಮೊದಲೇ ಬೇಕಿತ್ತು. ಈಗಲೂ ಬೀಡಿ ಕಟ್ಟುವವರು ಗಾಳಿಯಾಡುವ ಜಗಲಿಯಲ್ಲಿ ಕೂರಲಿ, ಹುಡಿಯನ್ನು ಮಲಗುವ ಕೋಣೆಯಲ್ಲಿ ಇಡದಿರಲಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸದಿರಲಿ. ಗುಡಿಸುವಾಗ ಒದ್ದೆ ಬಟ್ಟೆಯಲ್ಲಿ ಒರೆಸಲಿ. ವೈದ್ಯರು ಕೇಳದಿದ್ದರೂ ನಾವಾಗಿ ಹೇಳೋಣ. ಮಲಯಾಳದ ವೈದ್ಯರಾದರೆ "ಬೀಡಿ ತೆರುಪ್ಪಾಣ್" ಎಂದರೆ ಸಾಕು. ಅಮ್ಮ ಈಗ ಬೀಡಿ ಬಿಟ್ಟಿದ್ದಾರೆ. ಸೀನು ತಗ್ಗಿದೆ, ಗಂಟಲ ಕೆರೆತ ಉಳಿದಿದೆ. ಕಳೆದ ಬಾರಿ ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗವನ್ನು ಅವರೇ ಹೇಳಿ ಬರೆಸಿದರು: ಬೀಡಿ ಕಾರ್ಮಿಕೆ, ಮೂವತ್ತು ವರ್ಷ.