ಬಿಸಿನೀರ ಬುಗ್ಗೆಯ ಊರಿನಲ್ಲಿ ಆರೋಗ್ಯದ ಕಾರ್ಡು

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ, ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ಗಡಿಗೆ ಒರಗಿಕೊಂಡಂತಿರುವ ಊರು ಆಖೆನ್. ಹಳೆಯ ಪೇಟೆಯ ಬಳಿ ಎಲಿಸೆನ್‌ಬ್ರುನ್ನೆನ್ ಎಂಬ ಬಿಳಿ ಕಂಬಗಳ ಮಂಟಪವಿದೆ. ಹತ್ತಿರ ಹೋದರೆ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಗಾಬರಿ ಬೇಡ, ಅದು ಗಂಧಕದ ವಾಸನೆ! ನೆಲದಾಳದಿಂದ ಉಕ್ಕುವ ನೀರಿನ ಬಿಸಿ 50 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಈ ನೀರಿಗಾಗಿಯೇ ರೋಮನ್ನರು ಇಲ್ಲಿ ಸ್ನಾನಗೃಹಗಳನ್ನು ಕಟ್ಟಿದರು. ಚಕ್ರವರ್ತಿ ಷಾರ್ಲಮೇನ್ ಅರಮನೆ ಕಟ್ಟಿಸಿ, 814ರಲ್ಲಿ ಇಲ್ಲೇ ಕಣ್ಮುಚ್ಚಿದ. ಅವನ ಸಮಾಧಿಯಿರುವ ಕೆಥೆಡ್ರಲ್ 1978ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆರೋಗ್ಯ ಅರಸಿ ಜನ ಬರುತ್ತಿದ್ದ ಊರಿಗೆ ಈಗ ವಿದ್ಯೆ ಅರಸಿಯೂ ಬರುತ್ತಾರೆ. 1870ರಲ್ಲಿ ಆರಂಭವಾದ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಭಾರತದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕನ್ನಡದ ಮಕ್ಕಳೂ ಅವರಲ್ಲುಂಟು. ಆದರೆ ಪ್ರವೇಶಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹೆಸರು ದಾಖಲಾಗದು. ಆರೋಗ್ಯ ವಿಮೆ ಮಾಡಿಸಿದ್ದೀರೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ.

ಜರ್ಮನಿಯಲ್ಲಿ ಇದು ಹಳೆಯ ಏರ್ಪಾಡು. 1883ರಲ್ಲಿ, ಬಿಸ್ಮಾರ್ಕ್‌ನ ಕಾಲದಲ್ಲಿ, ಕಾರ್ಮಿಕರಿಗಾಗಿ ಕಡ್ಡಾಯ ಆರೋಗ್ಯ ವಿಮೆಯ ಕಾಯಿದೆ ಬಂತು. 1975ರ ಕಾಯಿದೆ ವಿದ್ಯಾರ್ಥಿಗಳನ್ನೂ ಅದರೊಳಗೆ ತಂದಿತು. ಟಿ.ಕೆ., ಎ.ಒ.ಕೆ., ಬಾರ್ಮರ್ ಮುಂತಾದ ಸಾರ್ವಜನಿಕ ವಿಮಾ ನಿಧಿಗಳಿವೆ. ಮೂವತ್ತು ತುಂಬದ ವಿದ್ಯಾರ್ಥಿಗೆ ಇಲ್ಲಿ ರಿಯಾಯಿತಿಯ ಕಂತು. ತಿಂಗಳಿಗೆ ಹೆಚ್ಚು ಕಡಿಮೆ 150 ಯೂರೋ. ಹಳೆಯ ಕಾಯಿಲೆ ಇದೆಯೆಂದು ಕಂತು ಏರುವುದಿಲ್ಲ, ಸೇರಿಸಿಕೊಳ್ಳಲು ನಿರಾಕರಿಸುವಂತೆಯೂ ಇಲ್ಲ. ಆಸ್ತಮಾ ಇರುವ ಹುಡುಗನಿಗೂ, ಒಂದು ದಿನವೂ ನೆಗಡಿಯಾಗದ ಹುಡುಗಿಗೂ ಒಂದೇ ಲೆಕ್ಕ. ವಿಮೆಯಾಗಿರುವ ಸಂಗತಿಯನ್ನು ನಿಧಿಯೇ ವಿಶ್ವವಿದ್ಯಾಲಯಕ್ಕೆ ವಿದ್ಯುನ್ಮಾನ ಸಂದೇಶದ ಮೂಲಕ ತಿಳಿಸುತ್ತದೆ.

ತಿಂಗಳಿಗೆ 150 ಯೂರೋ ಎಂದರೆ ಮಧ್ಯಮವರ್ಗದ ತಂದೆತಾಯಿಯರ ಎದೆ ಝಲ್ಲೆನ್ನುವುದು ಸಹಜ. 2024ರ ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿ ವೀಸಾಕ್ಕೆ ಬ್ಯಾಂಕಿನಲ್ಲಿ ತೋರಿಸಬೇಕಾದ ಹಣ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಎಂದು ನಿಗದಿಯಾಯಿತು. ಅದರಲ್ಲಿ ಏಳನೆಯ ಒಂದು ಪಾಲು ವಿಮೆಗೇ ಹೋಗುತ್ತದೆ. ಆಗಲೇ ಕಡಿಮೆ ದುಡ್ಡಿನ ಖಾಸಗಿ ಪಾಲಿಸಿಗಳ ಜಾಹೀರಾತು ಕಣ್ಣಿಗೆ ಬೀಳುವುದು.

ಇಲ್ಲಿಯೇ ಎಚ್ಚರ ಬೇಕು. ಖಾಸಗಿ ವಿಮೆಗೆ ಹೋಗುವವರು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬೇಡಿ ಸಹಿ ಹಾಕಬೇಕು. ಓದು ಆರಂಭವಾದ ಮೂರು ತಿಂಗಳೊಳಗೆ ಇದನ್ನು ಮಾಡಬಹುದು. ಆದರೆ ಒಮ್ಮೆ ಹಾಕಿದ ಸಹಿಯನ್ನು ಆ ಓದು ಮುಗಿಯುವವರೆಗೆ ಹಿಂತೆಗೆದುಕೊಳ್ಳುವಂತಿಲ್ಲ. ಅಗ್ಗದ ಪಾಲಿಸಿಗಳಲ್ಲಿ ಹಳೆಯ ಕಾಯಿಲೆ, ಹೆರಿಗೆ, ಮಾನಸಿಕ ಚಿಕಿತ್ಸೆ ಹೊರಗುಳಿದಿರುವುದುಂಟು. ತಿಂಗಳಿಗೆ ನೂರು ಯೂರೋ ಉಳಿಸಿದ ಹುಡುಗ ಎರಡನೆಯ ವರ್ಷ ಹಾಸಿಗೆ ಹಿಡಿದರೆ, ಉಳಿಸಿದ್ದರ ಹತ್ತು ಪಟ್ಟು ತೆರಬೇಕಾದೀತು. ಮೂವತ್ತು ದಾಟಿದವರಿಗೆ ವಿದ್ಯಾರ್ಥಿ ಕಂತು ಸಿಗದ್ದರಿಂದ ಅವರ ಲೆಕ್ಕ ಬೇರೆ; ಅವರು ಹೊರಡುವ ಮೊದಲೇ ವಿಚಾರಿಸಬೇಕು. ವೀಸಾಕ್ಕಾಗಿ ಮಾಡಿಸುವ ಪ್ರವಾಸ ವಿಮೆ ಮೊದಲ ಕೆಲವು ದಿನಗಳ ಕೊಡೆ ಮಾತ್ರ. ಅದನ್ನು ತೋರಿಸಿ ವಿಶ್ವವಿದ್ಯಾಲಯದಲ್ಲಿ ಹೆಸರು ದಾಖಲಿಸಲಾಗದು.

ಆಖೆನ್‌ನ ವಿಶ್ವವಿದ್ಯಾಲಯ ಆಸ್ಪತ್ರೆ ನೋಡುವಂಥದ್ದೇ. 1985ರಲ್ಲಿ ಉದ್ಘಾಟನೆಗೊಂಡ ಈ ಕಟ್ಟಡದ ಕೊಳವೆಗಳೆಲ್ಲ ಹೊರಗೇ ಕಾಣುತ್ತವೆ. ಆಸ್ಪತ್ರೆಯೋ ಕಾರ್ಖಾನೆಯೋ ಎಂಬ ಅನುಮಾನ ಬರುತ್ತದೆ. ಆದರೆ ಜ್ವರ, ಕೆಮ್ಮಿಗೆಲ್ಲ ನೇರ ಅಲ್ಲಿಗೆ ಓಡುವ ಪದ್ಧತಿ ಇಲ್ಲ. ಮೊದಲು ಬಡಾವಣೆಯ ಮನೆವೈದ್ಯರನ್ನು ಕಾಣಬೇಕು. ಭಾವಚಿತ್ರವಿರುವ ಕಾರ್ಡನ್ನು ಕೊಟ್ಟರೆ ಸಾಕು, ಹಣ ಕೇಳುವುದಿಲ್ಲ. ಚೀಟಿಯ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ, ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನ ಮಾತ್ರ. ರಾತ್ರಿ ವೈದ್ಯರು ಬೇಕೆಂದರೆ 116117, ಪ್ರಾಣಾಪಾಯವಾದರೆ 112 ಕರೆ ಮಾಡಬೇಕು.

ಊರಂಚಿನ ಗುಡ್ಡದ ಮೇಲೆ ಮೂರು ದೇಶಗಳು ಕೂಡುವ ಜಾಗವಿದೆ. ಒಂದು ಹೆಜ್ಜೆ ಇಟ್ಟರೆ ನೆದರ್‌ಲೆಂಡ್ಸ್, ಇನ್ನೊಂದು ಹೆಜ್ಜೆಗೆ ಬೆಲ್ಜಿಯಂ! ಭಾನುವಾರ ವಿದ್ಯಾರ್ಥಿಗಳು ಸೈಕಲ್ಲೇರಿ ಹೋಗುತ್ತಾರೆ. ಗಡಿಯಾಚೆ ಬಿದ್ದು ಕಾಲು ಮುರಿದರೆ? ಸಾರ್ವಜನಿಕ ವಿಮೆಯ ಕಾರ್ಡಿನ ಹಿಂಬದಿಯೇ ಯುರೋಪಿನ ವಿಮಾ ಕಾರ್ಡು. ತುರ್ತು ಚಿಕಿತ್ಸೆಗೆ ಆ ಎರಡು ದೇಶಗಳಲ್ಲೂ ನಡೆಯುತ್ತದೆ.

ಎಲ್ಲಕ್ಕೂ ಈ ಕಾರ್ಡು ಆಗುತ್ತದೆಂದಲ್ಲ. ದೊಡ್ಡವರ ಕನ್ನಡಕಕ್ಕೆ ಸಾಮಾನ್ಯವಾಗಿ ಹಣ ಸಿಗದು. ಹಲ್ಲಿನ ಕ್ಯಾಪಿಗೆ ಒಂದು ಭಾಗ ಮಾತ್ರ ಸಿಗುತ್ತದೆ. ಆದ್ದರಿಂದ ಹಲ್ಲು, ಕಣ್ಣುಗಳ ಕೆಲಸವನ್ನು ಊರಲ್ಲೇ ಮುಗಿಸಿ, ಹೆಚ್ಚುವರಿ ಕನ್ನಡಕವೊಂದನ್ನು ಜೊತೆಗಿಟ್ಟುಕೊಳ್ಳುವುದು ಜಾಣತನ. ಕಂತು ಬಾಕಿ ಉಳಿಸಿಕೊಂಡರೆ ನಿಧಿ ವಿಶ್ವವಿದ್ಯಾಲಯಕ್ಕೆ ತಿಳಿಸುತ್ತದೆ. ಓದಿಗೇ ಕುತ್ತು ಬರಬಹುದು.

ಮಗನೋ ಮಗಳೋ ವಿದೇಶಕ್ಕೆ ಹೊರಟಾಗ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟುವುದನ್ನು ಯಾವ ತಾಯಿಯೂ ಮರೆಯುವುದಿಲ್ಲ. ಅದರ ನಡುವೆ ಒಂದು ಸಂಜೆ ಮನೆಮಂದಿ ಕೂತು ವಿಮೆಯ ಷರತ್ತುಗಳನ್ನೂ ಓದಲಿ. ಸಹಿ ಹಾಕುವುದಕ್ಕೆ ಮೊದಲು ಕೇಳಿದ ಪ್ರಶ್ನೆಗೆ ಖರ್ಚಿಲ್ಲ.