ಎಡಕ್ಕೆ ಎಳೆಯುವ ಕಾರು

ನಮ್ಮನೆ ಮಾರುತಿ 800 ನನಗಿಂತ ನಾಲ್ಕು ವರ್ಷ ಚಿಕ್ಕದು. 1983ರಲ್ಲಿ ರಸ್ತೆಗಿಳಿದ ಈ ಮಾದರಿಯ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೆ ಸಿದ್ದಾಪುರ ಸೀಮೆಯ ನಮ್ಮ ಮಣ್ಣುರಸ್ತೆಯಲ್ಲಿ ಅದಿನ್ನೂ ಓಡುತ್ತಿದೆ. ಶಿರಸಿಗೆ ಹೋಗುವಾಗ ಅಡಿಕೆ ಚೀಲ, ಬರುವಾಗ ಹಿಂಡಿ ಚೀಲ, ಹಬ್ಬಕ್ಕೆ ನಾವು.

ಕಳೆದ ದೀಪಾವಳಿಗೆ ಧಾರವಾಡದಿಂದ ಮನೆಗೆ ಬಂದಾಗ ಅಪ್ಪಯ್ಯನಿಗೆ ಬಲಭುಜದ ನೋವು. ಎರಡು ವರ್ಷದಿಂದ ಇದ್ದದ್ದು, ಈಗ ಜೋರಾಗಿತ್ತು. ಯಲ್ಲಾಪುರದ ಅಕ್ಕನ ಮನೆಗೆ ಹೋಗಬೇಕಿತ್ತು. "ನಾನೇ ಓಡಿಸ್ತೆ" ಎಂದು ಕೀಲಿ ತೆಗೆದುಕೊಂಡೆ.

ಶಿರಸಿ ದಾಟಿ ಭೈರುಂಬೆ ಕಳೆದಿರಬೇಕು. ಹಿಂದೆ ಕೂತಿದ್ದ ಆಯಿ ನೀರು ಕೇಳಿದಳು. ಬಾಟಲಿ ಎತ್ತಿಕೊಡಲು ಒಂದು ಕೈ ತೆಗೆದೆ, ಅಷ್ಟೇ. ಕಾರು ಸದ್ದಿಲ್ಲದೆ ಎಡಕ್ಕೆ ಸರಿಯಿತು. ರಸ್ತೆಯಂಚಿನಲ್ಲಿ ಹುಲ್ಲುಹೊರೆ ಹೊತ್ತು ಬರುತ್ತಿದ್ದ ಹೆಂಗಸು ಗಟಾರಕ್ಕೆ ಹಾರಿದಳು. ಹೊರೆ ರಸ್ತೆಯ ಮೇಲೆ ಬಿತ್ತು. ನಾನು ಇಳಿದು ಅದನ್ನು ಎತ್ತಿ ಅವಳ ತಲೆಗೆ ಏರಿಸುವಾಗ ನನ್ನ ಕೈ ನಡುಗುತ್ತಿತ್ತು. ಅವಳು ಬೈಯಲೂ ಇಲ್ಲ.

"ಗಟ್ಟಿ ಹಿಡ್ಕಳೆ ಕೂಸೆ. ಕಾರಿಗೆ ಎಂತೂ ಆಜಿಲ್ಲೆ," ಎಂದ ಅಪ್ಪಯ್ಯ.

ಮರುದಿನ ಶಿರಸಿಯ ಗ್ಯಾರೇಜಿಗೆ ಒಯ್ದೆವು. ಆ ವರ್ಷವೇ ಎರಡು ಸಲ ಬೇರೆ ಕಡೆ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದಾಗಿತ್ತು. ಗ್ಯಾರೇಜಿನ ಸಾಯ್ಬ್ರು ಸ್ಪಾನರ್ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೋ, ಸುಮ್ಮನೆ ಹೋಗುವಾಗಲೂ ಎಳೆಯುತ್ತದೋ? ಖಾಲಿ ಕಾರಿನಲ್ಲೂ ಹೀಗೆಯೋ? ನನ್ನ ಹತ್ತಿರ ಪೂರ್ತಿ ಉತ್ತರವಿರಲಿಲ್ಲ. ಅಪ್ಪಯ್ಯನ ಹತ್ತಿರ ಉತ್ತರವೇ ಇರಲಿಲ್ಲ.

ಮೊದಲು ನಾಲ್ಕೂ ಟೈರಿನ ಗಾಳಿ ಸಮ ಮಾಡಿದರು. ನಂತರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಯ ನಟ್ಟನಡುವೆ ಓಡಿಸಿದರು. ಮಳೆನೀರು ಹರಿಯಲೆಂದು ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ. ಎಡಬದಿಯಲ್ಲಿ ಹೋಗುವ ಕಾರು ತುಸು ಎಡಕ್ಕೆ ವಾಲುವುದು ರಸ್ತೆಯ ಗುಣ. ನಡುವೆ ಹೋದಾಗಲೂ ವಾಲಿದರೆ ಅದು ಕಾರಿನ ಗುಣ. ನಮ್ಮದು ವಾಲಿತು. ಇಳಿದು ಮುಂದಿನ ಎರಡೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದರು. ಬ್ರೇಕ್ ಹಿಡಿದುಕೊಂಡಿದ್ದರೆ ಆ ಕಡೆಯ ಚಕ್ರ ಹೆಚ್ಚು ಬಿಸಿಯಾಗಿರುತ್ತದಂತೆ. ಆಗಿರಲಿಲ್ಲ. ಎಡಬಲದ ಟೈರು ಅದಲುಬದಲು ಮಾಡಿದರು. ದೋಷ ಟೈರಿನದಾದರೆ ಕಾರು ಈಗ ಬಲಕ್ಕೆ ಎಳೆಯಬೇಕು. ಎಡಕ್ಕೇ ಎಳೆಯಿತು.

ಬಾನೆಟ್ಟಿನ ಎಡಮೂಲೆಯನ್ನು ಒತ್ತಿ ಬಿಟ್ಟರು. ಒಂದು ಸಲ ಮೇಲೆದ್ದು ನಿಲ್ಲಬೇಕಾದದ್ದು ಮೂರು ಸಲ ಕುಣಿಯಿತು. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಸತ್ತಿತ್ತು. "ಇದು ಎತ್ತಿ ಹಾಕೂಕೆ ಕಾರಣ. ಎಳೆಯೂಕೆ ಬೇರೆ ಇದೆ ತಂಗಿ," ಎಂದು ಜಾಕ್ ಏರಿಸಿ, ಕಬ್ಬಿಣದ ಲಿವರ್ ಹಾಕಿ ಅಡಿಯಲ್ಲಿ ಮೀಟಿದರು. ಎಡಚಕ್ರ ಹಿಂದೆ ಮುಂದೆ ಅಲುಗಾಡಿತು.

ಮಾರುತಿ 800ರ ಮುಂಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಸ್ಟೆಬಿಲೈಸರ್ ಬಾರ್ ಎಂಬ ಬಾಗಿದ ಸರಳು. ಅದರ ತುದಿಗೆ ರಬ್ಬರಿನ ಬುಶ್. ನಮ್ಮ ಎಡಗಡೆಯ ಬುಶ್ ಜಜ್ಜಿಹೋಗಿ ಚಕ್ರ ಹಿಂದಕ್ಕೆ ಸರಿದಿತ್ತು. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದು ಸೈಕಲ್ಲು ನೆಟ್ಟಗೆ ಹೋಗಲು ನೆರವಾಗುತ್ತದೆ. ಕಾರಿನ ಮುಂಚಕ್ರಕ್ಕೂ ಅಂಥ ಓರೆ ಉಂಟು. ಒಂದು ಕಡೆ ಅದು ಕಡಿಮೆಯಾದರೆ ಕಾರು ಆ ಕಡೆಗೇ ಎಳೆಯುತ್ತದೆ. ಈ ಕಾರಿನಲ್ಲಿ ಅಲೈನ್‌ಮೆಂಟಿನವರು ತಿರುಗಿಸಿ ಸರಿಪಡಿಸಬಹುದಾದದ್ದು ಚಕ್ರಗಳು ಒಳಗೆ ಹೊರಗೆ ಮುಖ ಮಾಡುವ ಟೋ ಒಂದನ್ನೇ. ಓರೆಯನ್ನಲ್ಲ. ಎರಡು ಸಲ ಮಾಡಿಸಿದರೂ ಹೋಗದ ದೋಷ ಕೈಬೆರಳಿನಷ್ಟು ರಬ್ಬರಿನಲ್ಲಿತ್ತು.

"ಎಷ್ಟು ದಿನದಿಂದ ಎಳೀತಿತ್ತು ಭಟ್ರೆ?"

"ನಂಗೆ ಗೊತ್ತೇ ಆಗ್ಲಿಲ್ಲ."

ಸಾಯ್ಬ್ರು ನಗುತ್ತ ಸ್ಟೇರಿಂಗಿನ ಕವರ್ ತೋರಿಸಿದರು. ಬಲಗೈ ಇರುವ ಒಂದೇ ಜಾಗದಲ್ಲಿ ಅದು ಸವೆದು ಒಳಗಿನ ಕಪ್ಪು ಕಾಣುತ್ತಿತ್ತು. ಅಪ್ಪಯ್ಯ ಒಂದು ಗಳಿಗೆ ತನ್ನ ಭುಜ ಮುಟ್ಟಿಕೊಂಡ. ನೋವು ಬಂದದ್ದು ಇದರಿಂದಲೇ ಎಂದು ನಾನು ಹೇಳಲಾರೆ. ದೋಟಿ ಹಿಡಿದು ಕಾಯಿ ಕೊಯ್ದ ಭುಜ ಅದು. ಆದರೆ ಆ ದಿನ ನನಗೆ ಕಾರಿಗಿಂತ ನನ್ನ ಟಿಪ್ಪಣಿ ಪುಸ್ತಕದ ಚಿಂತೆ ಹತ್ತಿತು.

ನನ್ನ ಸಂಶೋಧನೆ ಈ ಸೀಮೆಯ ಹೆಂಗಸರ ಹಾಡುಗಳ ಕುರಿತು. ಪ್ರತಿ ಮನೆಯಲ್ಲೂ ಕೇಳುತ್ತೇನೆ: ಹಾಡು ಕಲಿಯಲಿಕ್ಕೆ, ಹಾಡಲಿಕ್ಕೆ ಮನೆಯಲ್ಲಿ ಅಡ್ಡಿಯಿತ್ತೇ? "ಎಂತೂ ಇತ್ತಿಲ್ಲೆ ತಂಗಿ." ನಾನು 'ಅಡ್ಡಿ ಇಲ್ಲ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇನೆ. ಅಪ್ಪಯ್ಯನನ್ನು ಕೇಳಿದ್ದರೂ ಹಾಗೇ ಬರೆಯುತ್ತಿದ್ದೆ. ಅವನು ಸುಳ್ಳು ಹೇಳಲಿಲ್ಲ. ಅಷ್ಟು ವರ್ಷ ಎಳೆದು ಹಿಡಿದ ಕೈಗೆ ಕಾರು ನೆಟ್ಟಗೇ ಹೋಗುತ್ತಿತ್ತು. ನಾನು ಬಾಯಿಮಾತು ಬರೆದುಕೊಂಡಿದ್ದೆ, ಸವೆದ ಜಾಗ ನೋಡಿರಲಿಲ್ಲ. ಈಗ ಆ ಮನೆಗಳಿಗೆಲ್ಲ ಮತ್ತೊಮ್ಮೆ ಹೋಗಬೇಕು. ಮೂರನೆಯ ಅಧ್ಯಾಯ ತಡವಾಗುತ್ತದೆ.

ಎರಡೂ ಕಡೆಯ ಬುಶ್, ಶಾಕ್ ಅಬ್ಸಾರ್ಬರ್ ಬದಲಾದವು. ಸಂಜೆ ಅಪ್ಪಯ್ಯ ಹಟ ಮಾಡಿ ತಾನೇ ಓಡಿಸಿದ. ಶಿರಸಿ ಪೇಟೆ ದಾಟುವಷ್ಟರಲ್ಲಿ ಕಾರು ರಸ್ತೆಯ ನಡುಗೆರೆಗೆ ಹೋಗಿತ್ತು.

"ನೋಡು, ಈಗ ಬಲಕ್ಕೆ ಎಳೀತು!"

"ಕೈ ಸಡ್ಲ ಬಿಡು ಅಪ್ಪಯ್ಯ."

ಬಿಟ್ಟ. ಕಾರು ನೆಟ್ಟಗಾಯಿತು. ಒಂದೆರಡು ನಿಮಿಷಕ್ಕೆ ಕೈ ತಾನಾಗಿ ಬಿಗಿಯಾಗಿ, ಕಾರು ಮತ್ತೆ ಬಲಕ್ಕೆ. ಕಾನಸೂರಿನವರೆಗೂ ನಾನು ಪಕ್ಕದಲ್ಲಿ ಕೂತು "ಕೈ, ಕೈ" ಎನ್ನುತ್ತಲೇ ಇದ್ದೆ.