ಮೊದಲು ಊಟ, ಆಮೇಲೆ ಪ್ರಶ್ನೆ

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಯೆರಿಕೋ ಪಟ್ಟಣದ ಗೋಡೆ ಬಿದ್ದುಹೋಯಿತು. ಗಾಬರಿಯಾಗಬೇಡಿ, ಅದು ಇಡ್ಲಿಯ ಗೋಡೆ. ಎರಡು ಇಡ್ಲಿಗಳನ್ನು ಚೌಕ ಚೌಕವಾಗಿ ತುಂಡು ಮಾಡಿ ತಟ್ಟೆಯಲ್ಲಿ ಕೋಟೆ ಕಟ್ಟಿದ್ದೆ. ನಡುವೆ ಸ್ವಲ್ಪ ತೊವ್ವೆ. ಮೂರು ವರ್ಷದ ಮೊಮ್ಮಗಳು ಪುಟ್ಟಿ ತನ್ನ ಎರಡು ಬೆರಳುಗಳನ್ನು ಸೈನಿಕನ ಕಾಲಿನಂತೆ ನಡೆಸುತ್ತಾ ತಟ್ಟೆಗೆ ಏಳು ಸುತ್ತು ಬಂದಳು. ಎಣಿಸುವುದು ನನ್ನ ಕೆಲಸ. ಏಳನೆಯ ಸುತ್ತು ಮುಗಿದದ್ದೇ ಅವಳು "ಪೋಂ..." ಎಂದು ಕೊಂಬು ಊದಿದಳು. ನಾನು ಜೋರಾಗಿ ಕೂಗಿದೆ. ಅವಳ ಅಜ್ಜಿ ಅಡುಗೆಮನೆಯಿಂದ "ಎಂತ ಆಯ್ತು ಮಾರಾಯ್ರೆ?" ಎಂದು ಓಡಿ ಬಂದಳು. ಅಷ್ಟರಲ್ಲಿ ಗೋಡೆ ತೊವ್ವೆಗೆ ಬಿದ್ದಾಗಿತ್ತು. ಬಿದ್ದ ಗೋಡೆಯನ್ನು ಪುಟ್ಟಿ ಒಂದೊಂದೇ ತುಂಡಾಗಿ ತಿಂದು ಮುಗಿಸಿದಳು.

ಬೈಬಲ್ಲಿನ ಈ ಕಥೆ ಕೇಳದವರಿಗಾಗಿ ಎರಡು ಮಾತು. ಯೆಹೋಶುವ ಎಂಬ ನಾಯಕನ ಜನ ದಿನಕ್ಕೆ ಒಂದು ಸಲದಂತೆ ಆರು ದಿನ ಯೆರಿಕೋ ಪಟ್ಟಣವನ್ನು ಸುತ್ತಿದರು. ಏಳನೆಯ ದಿನ ಏಳು ಸಲ ಸುತ್ತಿ, ಕೊಂಬು ಊದಿ, ಒಟ್ಟಾಗಿ ಕೂಗಿದಾಗ ಕೋಟೆಯ ಗೋಡೆ ಕುಸಿಯಿತು. ಗೋಡೆ ಬಿದ್ದ ಮೇಲೆ ಆ ಪಟ್ಟಣಕ್ಕೆ ಏನಾಯಿತೆಂಬುದು ಮೂರು ವರ್ಷದ ಕಿವಿಗೆ ಬೇಡ. ನಾನು ಇಡ್ಲಿ ಮುಗಿದಲ್ಲಿಗೆ ಕಥೆಯನ್ನೂ ಮುಗಿಸುತ್ತೇನೆ.

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಈಗ ವಯಸ್ಸು 74. ಅಡುಗೆಯಾಗಲಿ, ಕಥೆ ಹೇಳುವುದಾಗಲಿ ನನ್ನ ವಿದ್ಯೆಯಲ್ಲ. ಮಂಗಳೂರಿನ ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಕನ್ನಡ ಬೈಬಲ್ ಓದುವ ರೂಢಿ ಉಂಟು. 1834ರಲ್ಲಿ ಬಾಸೆಲ್ ಮಿಷನ್ನಿನವರು ಈ ಊರಿಗೆ ಬಂದ ಮೇಲೆ ಬೆಳೆದ ಸಭೆಗಳಲ್ಲಿ ಆರಾಧನೆಯೂ ಕನ್ನಡದಲ್ಲೇ, ಸಂಡೇ ಸ್ಕೂಲೂ ಕನ್ನಡದಲ್ಲೇ. ನಾನು ಕಥೆಗಳನ್ನು ಕಲಿತದ್ದು ಅಲ್ಲಿ, ಕೈಕಟ್ಟಿ ಕುಳಿತು, ಬಾಯಿಪಾಠ ಮಾಡಿ.

ಪುಟ್ಟಿಗೆ ಎರಡು ವರ್ಷ ತುಂಬಿದಾಗ ಸೊಸೆ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಅವಳು ನರ್ಸ್, ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿಯದು. ಮಗುವಿಗೆ ಉಣ್ಣಿಸುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಎದುರಿಗೆ ಮೊಬೈಲ್ ಹಿಡಿದರೆ ಮಾತ್ರ ಪುಟ್ಟಿ ಬಾಯಿ ತೆರೆಯುತ್ತಿದ್ದಳು. ಒಳಗೆ ಹೋದದ್ದು ಅನ್ನವೋ ಹಿಟ್ಟೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ಪುಟ್ಟಿ ಬರೀ ಊಟದ ಲೆಕ್ಕದಲ್ಲೇ ಎರಡು ಗಂಟೆ ದಾಟುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟ್ ಇಲ್ಲ, ಮೊಬೈಲಿನಲ್ಲಿ ಚಾರ್ಜೂ ಇಲ್ಲ. ಪುಟ್ಟಿ ಬಾಯಿಗೆ ಬೀಗ ಹಾಕಿ ಕುಳಿತಳು. ಇದೇ ಸಮಯವೆಂದು ನಾನು ದೊಡ್ಡ ಬೈಬಲ್ ತಂದು ನೋಹನ ಕಥೆ ಓದತೊಡಗಿದೆ. ನಾವೆಯ ಉದ್ದಗಲ, ಮಳೆ ಸುರಿದ 40 ದಿನ, ಎಲ್ಲ ಹೇಳಿ ಕೊನೆಗೆ "ಇದರಿಂದ ನಾವು ಕಲಿಯುವ ನೀತಿ ಏನು?" ಎಂದು ಕೇಳಿದೆ. ಅವಳು ಬಾಯಲ್ಲಿದ್ದ ಒಂದೇ ಒಂದು ತುತ್ತನ್ನು ನನ್ನ ಅಂಗಿಗೆ ಉಗಿದಳು. ಅದೇ ಅವಳ ಉತ್ತರ.

ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯ ಅಮ್ಮ ಇದನ್ನೆಲ್ಲ ನೋಡಿ ನಕ್ಕರು. ನನಗಿಂತ ಹತ್ತು ವರ್ಷ ದೊಡ್ಡವರು, ಏಳು ಮೊಮ್ಮಕ್ಕಳನ್ನು ಸಾಕಿದವರು. "ಕಥೆಯನ್ನು ಓದಿ ಹೇಳಿದ್ರೆ ಆಗ್ತದಾ? ತುತ್ತಿಗೆ ಕಲಸಿ ಕೊಡ್ಬೇಕು" ಎಂದರು. ಅವರ ಮನೆಯಲ್ಲಿ ಬೆಣ್ಣೆಯ ಉಂಡೆ ಕೃಷ್ಣನ ಪಾಲು, ಅವಲಕ್ಕಿ ಕುಚೇಲನ ಗಂಟು, ಕೊನೆಯ ತುತ್ತು ಚಂದಮಾಮನದು. ಕಥೆ ಬೇರೆ, ತುತ್ತು ಬೇರೆ ಎಂದು ಅವರು ಯಾವತ್ತೂ ಎಣಿಸಿದವರೇ ಅಲ್ಲ.

ಮರುದಿನದಿಂದ ನಾನು ಅಡುಗೆಮನೆ ಸೇರಿದೆ. ನನ್ನವಳಿಗೆ ಮೊದಮೊದಲು ಕಿರಿಕಿರಿ, ಆಮೇಲೆ ಬಿಟ್ಟಿ ಮನರಂಜನೆ.

ಮೊದಲ ಪ್ರಯೋಗ ಐದು ರೊಟ್ಟಿ, ಎರಡು ಮೀನು. ಯೇಸುವಿನ ಮಾತು ಕೇಳಲು ಐದು ಸಾವಿರ ಗಂಡಸರು, ಅವರ ಜೊತೆ ಹೆಂಗಸರು ಮಕ್ಕಳು ಸೇರಿದ್ದಾಗ ಊಟದ ಹೊತ್ತಾಯಿತು. ಅಷ್ಟು ಜನರ ನಡುವೆ ಒಬ್ಬ ಹುಡುಗನ ಬಳಿ ಇದ್ದದ್ದು ಐದು ಜವೆಗೋಧಿ ರೊಟ್ಟಿ, ಎರಡು ಸಣ್ಣ ಮೀನು. ಅದನ್ನೇ ಹಂಚಿದಾಗ ಎಲ್ಲರ ಹೊಟ್ಟೆ ತುಂಬಿತು, ಉಳಿದ ತುಂಡುಗಳೇ ಹನ್ನೆರಡು ಪುಟ್ಟಿಗಳಷ್ಟಾದವು. ಬ್ಯಾಂಕಿನವನಾದ ನನಗೆ ಈ ಲೆಕ್ಕ ಎಂದೂ ಟ್ಯಾಲಿ ಆಗಿಲ್ಲ. ನಾನು ರೂಪಾಯಿ ನಾಣ್ಯದಷ್ಟು ದೊಡ್ಡ ಐದು ಅಕ್ಕಿರೊಟ್ಟಿ ಸುಟ್ಟೆ, ಸೌತೆಕಾಯಿಯಲ್ಲಿ ಎರಡು ಮೀನು ಕೊಯ್ದೆ. "ಹನ್ನೆರಡು ಪುಟ್ಟಿ ತುಂಬಿತು" ಎಂದಾಗ ಅವಳಿಗೆ ಕೋಪವೇ ಬಂತು. "ಅಜ್ಜ, ಪುಟ್ಟಿ ಒಬ್ಬಳೇ!" ಬೆತ್ತದ ಬುಟ್ಟಿಗೂ ಪುಟ್ಟಿ ಎನ್ನುತ್ತಾರೆ ಎಂದು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಆದರೆ ರೊಟ್ಟಿಯನ್ನು ಮುರಿದು ಅಜ್ಜಿಗೊಂದು ತುಂಡು, ನನಗೊಂದು ತುಂಡು, ಕಿಟಕಿಯ ಹೊರಗೆ ಕಾಗೆಗೊಂದು ತುಂಡು ಕೊಟ್ಟು, ಉಳಿದದ್ದನ್ನು ತಾನು ತಿಂದಳು. ಹಂಚಬೇಕೆಂದು ನಾನು ಹೇಳಿರಲೇ ಇಲ್ಲ.

ಎರಡನೆಯದು ಯೋನನ ಕಥೆ. ದೇವರ ಮಾತು ತಪ್ಪಿಸಿ ಹಡಗು ಹತ್ತಿ ಓಡಿದ ಯೋನನನ್ನು ದೊಡ್ಡ ಮೀನು ನುಂಗಿತು. ಮೂರು ದಿನ ಅದರ ಹೊಟ್ಟೆಯಲ್ಲಿದ್ದು ಅವನು ಹೊರಗೆ ಬಂದ. ನೀರುದೋಸೆಯೊಳಗೆ ಕಾಯಿ-ಬೆಲ್ಲ ಇಟ್ಟು ಮಡಚಿದರೆ ಮೀನೂ ಆಯಿತು, ಯೋನನೂ ಆಯಿತು. ಪುಟ್ಟಿ ದೋಸೆಯ ಅಂಚು ಎತ್ತಿ ಒಳಗೆ ಇಣುಕಿ, "ಯೋನ, ಕತ್ತಲೆ ಉಂಟಾ?" ಎಂದು ಕೇಳಿದಳು. ನನ್ನ ಸಂಡೇ ಸ್ಕೂಲಿನ ಅಷ್ಟೂ ವರ್ಷಗಳಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. ರಾಜನ ಮೃಷ್ಟಾನ್ನ ಬೇಡವೆಂದು ಹತ್ತು ದಿನ ಬರೀ ಕಾಯಿಪಲ್ಲೆ, ನೀರು ಸೇವಿಸಿ ಗಟ್ಟಿಮುಟ್ಟಾಗಿದ್ದ ದಾನಿಯೇಲನ ಕಥೆ ಹೇಳಿ ಬೀನ್ಸ್ ಪಲ್ಯ ಬಡಿಸಿದೆ. "ಇದನ್ನೂ ದಾನಿಯೇಲನಿಗೇ ಕೊಡು" ಎಂದು ತಟ್ಟೆ ತಳ್ಳಿದಳು. ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಕುರುಬ ಹುಡುಕಿ ತಂದ ಕಥೆಗೆ ಒತ್ತು ಶ್ಯಾವಿಗೆಯಲ್ಲಿ ಹತ್ತು ಕುರಿ ಮಾಡಿದೆ, ನೂರು ಮಾಡುವ ತ್ರಾಣ ನನ್ನ ಕೈಯಲ್ಲಿರಲಿಲ್ಲ. ಒಂದನ್ನು ಲೋಟದ ಹಿಂದೆ ಅಡಗಿಸಿದ್ದೆ. ಪುಟ್ಟಿ ಹುಡುಕಿ ತೆಗೆದು ಚಪ್ಪಾಳೆ ತಟ್ಟಿದಳು. "ಈಗ ತಿನ್ನು" ಎಂದದ್ದೇ ತಡ, ಅಳು! "ಸಿಕ್ಕಿದ ಕುರಿಯನ್ನು ತಿನ್ನುವುದಾ ಅಜ್ಜ?" ನನಗೆ ಮಾತೇ ಹೊರಡಲಿಲ್ಲ. ಕೊನೆಗೆ ಅಜ್ಜಿಯೇ ಬಂದು, "ಪುಟ್ಟಿಯ ಹೊಟ್ಟೆಯೇ ಕುರಿಯ ಹಟ್ಟಿ, ಕತ್ತಲಾಯ್ತಲ್ಲ, ಎಲ್ಲ ಹಟ್ಟಿಗೆ ಹೋಗ್ಲಿ" ಎಂದಳು. ಹತ್ತೂ ಕುರಿ ಹಟ್ಟಿ ಸೇರಿದವು.

ಇಲ್ಲಿಯವರೆಗೆ ನಗುವಿನ ಮಾತಾಯಿತು. ಇನ್ನು ಹೇಳುವುದು ಬೇರೆ.

ಒಂದು ಭಾನುವಾರ ಮಗನಿಗೆ ರಜೆ. ಅವನೂ ಮೇಜಿಗೆ ಕುಳಿತಿದ್ದ. ನನಗೆ ನನ್ನ ವಿದ್ಯೆ ಅವನಿಗೆ ತೋರಿಸುವ ಹುಮ್ಮಸ್ಸು. ಪುಟ್ಟಿಗಿಷ್ಟವಾದ ಐದು ರೊಟ್ಟಿಯನ್ನೇ ಮಾಡಿ, ತಟ್ಟೆಯನ್ನು ಅವಳ ಮುಂದೆ ಹಿಡಿದು, "ಎಷ್ಟು ರೊಟ್ಟಿ? ಎಷ್ಟು ಮೀನು? ಎಷ್ಟು ಜನ? ಹೇಳು, ಹೇಳಿದ ಮೇಲೆ ಊಟ" ಎಂದೆ. ಅವಳು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ತುಟಿ ನಡುಗಿತು.

ಮಗ ಮೆಲ್ಲಗೆ ಕೈ ಚಾಚಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಅವಳ ಮುಂದಿಟ್ಟ. "ಮೊದಲು ಅವಳು ತಿನ್ನಲಿ ಅಪ್ಪ" ಎಂದ. ಅಷ್ಟೇ. ದನಿ ಏರಿಸಲಿಲ್ಲ. ಆದರೆ ನನ್ನ ಮುಖ ನೋಡಲಿಲ್ಲ.

ನನಗೆ 1991ರ ಒಂದು ರಾತ್ರಿ ನೆನಪಾಯಿತು. ಆಗ ಅವನಿಗೆ ಏಳು ವರ್ಷ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆಯಾಗಿ, ಮಗ ವಚನ ಬಾಯಿಪಾಠ ಒಪ್ಪಿಸಿದ ಮೇಲೆಯೇ ಬಡಿಸುವುದು. ಅದು ನನ್ನ ಕಟ್ಟುನಿಟ್ಟು. ಆ ವಾರ 23ನೆಯ ಕೀರ್ತನೆ. ಅವನು ಅರ್ಧದಲ್ಲಿ ನಿಂತ. ಮತ್ತೆ ಮೊದಲಿನಿಂದ ಹೇಳಿಸಿದೆ. ಮತ್ತೆ ಅಲ್ಲಿಯೇ ನಿಂತ. ಬ್ಯಾಂಕಿನಲ್ಲಿ ಆ ದಿನ ಲೆಕ್ಕ ಕೂಡದೆ ರಾತ್ರಿಯಾಗಿತ್ತು, ಆ ಸಿಟ್ಟೂ ಇತ್ತು. "ಬರುವುದಿಲ್ಲವಾದರೆ ಊಟವೂ ಇಲ್ಲ" ಎಂದು ಎದ್ದುಹೋದೆ. ದೇವರು ತನ್ನವನಿಗೆ ಊಟ ಅಣಿ ಮಾಡುತ್ತಾನೆ ಎಂದು ಹೇಳುವ ಕೀರ್ತನೆ ಅದು. ಮಗು ಆ ಮಾತು ಬರುವುದಕ್ಕೆ ಮೊದಲೇ ನಿಂತುಹೋಗಿತ್ತು. ನಾನು ಆ ಮಾತನ್ನು ಬಾಯಿಪಾಠವಾಗಿ ಬಲ್ಲವನಾಗಿದ್ದೂ ತಟ್ಟೆ ಎತ್ತಿಸಿದೆ.

ಆ ಭಾನುವಾರ ರಾತ್ರಿ ನನ್ನವಳನ್ನು ಕೇಳಿದೆ, "ಅವತ್ತು ಅವನು ಹಸಿದೇ ಮಲಗಿದನಾ?"

"ಮೂವತ್ತು ವರ್ಷದ ಮೇಲೆ ಕೇಳ್ತೀರಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀವು ಮಲಗಿದ ಮೇಲೆ ಎಬ್ಬಿಸಿ, ಅಡುಗೆಮನೆಯ ನೆಲದಲ್ಲಿ ಕೂರಿಸಿ ಗಂಜಿ ಉಣ್ಣಿಸಿದೆ. ಪೇತ್ರನ ಮೀನಿನ ಕಥೆ ಹೇಳಿದೆ. ಲೈಟ್ ಹಾಕಿರಲಿಲ್ಲ, ನಿಮಗೆ ಗೊತ್ತಾಗ್ತದೆ ಅಂತ" ಎಂದಳು.

ನಿದ್ದೆ ಬರಲಿಲ್ಲ. ಎದ್ದು ಯೋಹಾನನ ಸುವಾರ್ತೆಯಲ್ಲಿ ಆ ಮೀನಿನ ಕಥೆ ತೆಗೆದೆ. ಪೇತ್ರ ಮತ್ತು ಜೊತೆಗಾರರು ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದೆ ಸೋತಿದ್ದರು. ಮುಂಜಾನೆ ದಡದಲ್ಲಿ ನಿಂತಿದ್ದ ಯೇಸು ಬಲಗಡೆ ಬಲೆ ಹಾಕಲು ಹೇಳಿದ. ಸಿಕ್ಕಿದ ದೊಡ್ಡ ಮೀನುಗಳು 153. ಬ್ಯಾಂಕಿನವನಲ್ಲವೇ, ನನಗೆ ಈ ಕಥೆಯಲ್ಲಿ ಯಾವಾಗಲೂ ನೆನಪಿದ್ದದ್ದು ಆ ಸಂಖ್ಯೆ ಮಾತ್ರ. ಆ ರಾತ್ರಿ ಮುಂದಿನದನ್ನೂ ಓದಿದೆ. ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಯೇಸು ಅವರನ್ನು ಊಟಕ್ಕೆ ಕರೆದ. ಕೆಲವೇ ದಿನಗಳ ಹಿಂದೆ ಇದೇ ಪೇತ್ರ ಅವನನ್ನು ಬಲ್ಲೆನೇ ಇಲ್ಲವೆಂದು ಮೂರು ಸಲ ಹೇಳಿದ್ದ. ಕೇಳಬೇಕಾದ ಪ್ರಶ್ನೆ ಇತ್ತು, ಕೇಳಿದ್ದೂ ಹೌದು, ಅದೂ ಮೂರು ಸಲ. ಆದರೆ ಯಾವಾಗ? ಎಲ್ಲರ ಊಟವಾದ ಮೇಲೆ. ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಆ ಕ್ರಮ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಓದು ಬರೆಯುವುದು ನನಗಿಂತ ಕಡಿಮೆ ಗೊತ್ತಿದ್ದ ನನ್ನವಳು ಕತ್ತಲೆಯ ಅಡುಗೆಮನೆಯಲ್ಲಿ ಅದನ್ನು ಮಾಡಿ ತೋರಿಸಿದ್ದಳು.

ಆವತ್ತಿನಿಂದ ನಮ್ಮ ಮೇಜಿಗೆ ಕೆಲವು ನಿಯಮ ಮಾಡಿಕೊಂಡಿದ್ದೇನೆ. ನನ್ನ ವಯಸ್ಸಿನ ಅಜ್ಜ-ಅಜ್ಜಿಯರಿಗೆ ಉಪಯೋಗವಾದೀತು. ಕಥೆ ಗಂಜಿ ಆರುವಷ್ಟು ಹೊತ್ತಿನದು ಇದ್ದರೆ ಸಾಕು. ತಿಂದರೆ ಮಾತ್ರ ಕಥೆ ಎಂಬ ವ್ಯಾಪಾರ ಬೇಡ. ಕಥೆ ಹೇಳಿದರೆ ತಿನ್ನಬೇಕು ಎಂಬ ವ್ಯಾಪಾರವೂ ಬೇಡ. ಸಾಕು ಎಂದರೆ ಸಾಕು. ಬೇಡವೆಂದ ಪಲ್ಯವನ್ನು ಬಿಟ್ಟುಬಿಟ್ಟು ಇನ್ನೊಂದು ದಿನ ಒಂದು ಚಮಚ ಇಡಬೇಕು. ದಾನಿಯೇಲನ ಬೀನ್ಸ್ ನಮ್ಮಲ್ಲಿ ಒಂಬತ್ತನೆಯ ಸಲಕ್ಕೆ ಖರ್ಚಾಯಿತು. ಆಟದ ಭರದಲ್ಲಿ ಜಾಗ್ರತೆ ಮರೆಯಬಾರದು: ದ್ರಾಕ್ಷಿಯನ್ನು ಇಡಿಯಾಗಿ ಕೊಡದೆ ಉದ್ದಕ್ಕೆ ಸೀಳಿ ಕೊಡಬೇಕು, ಇಡೀ ನೆಲಗಡಲೆ ಕೊಡಲೇಬಾರದು, ನಿಜವಾದ ಮೀನಾದರೆ ಮುಳ್ಳನ್ನು ನಮ್ಮ ಬೆರಳಿನಿಂದ ಮುಟ್ಟಿ ನೋಡಿ ತೆಗೆಯಬೇಕು. ಬಾಯಲ್ಲಿ ತುತ್ತಿರುವಾಗ ಓಡುವುದು, ಕೊಂಬು ಊದುವುದು ಬೇಡ. ಯೆರಿಕೋ ಬೀಳುವುದು ಬಾಯಿ ಖಾಲಿ ಇರುವಾಗ.

ಮಕ್ಕಳೇ, ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಈ ಕೆಲಸ ನೀವೂ ಮಾಡಬಹುದು. ನಿಮ್ಮ ಮನೆಯ ಕಥೆ ಯಾವುದೋ ಅದು. ಕುಚೇಲನಿರಲಿ, ಪುಣ್ಯಕೋಟಿ ಇರಲಿ, ಪ್ರವಾದಿಗಳ ಕಥೆ ಇರಲಿ. ತಟ್ಟೆಯಲ್ಲಿ ಒಂದಿಷ್ಟು ಜಾಗ, ನಿಮ್ಮಲ್ಲಿ ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಮುಂದಿನ ಭಾನುವಾರ ಬಂಗುಡೆ ಸುಟ್ಟೆವು. ನಾನು ಎಲ್ಲರಿಗಿಂತ ಮೊದಲು ಮಗನ ತಟ್ಟೆಗೆ ಬಡಿಸಿದೆ. ತಪ್ಪಾಯಿತು ಎನ್ನುವ ಮಾತು ನನ್ನಂಥವರ ಬಾಯಿಗೆ ಸುಲಭವಾಗಿ ಬರುವುದಿಲ್ಲ. "ಅಮ್ಮ ಹೇಳಿದಳು, ಆ ರಾತ್ರಿಯ ಗಂಜಿಯ ವಿಷಯ" ಎಂದಷ್ಟೇ ಹೇಳಿದೆ. ಅವನು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ನನ್ನ ಮುಖ ನೋಡಿ ನಕ್ಕ.

"ಆ ಕೀರ್ತನೆ ಈಗ ಪೂರ್ತಿ ಬರ್ತದೆ ಅಪ್ಪ. ಹೇಳ್ಲಾ?"

"ಮೊದಲು ಊಟ ಮಾಡು" ಎಂದೆ.